ಪಾಳಿ ಬಿಡದ ಹುಲಿಗೆವ್ವ

ಯಾರಾದರೂ ಸವಿಯಾಗಿ ಮಾತಾಡಿದರೆ ಹುಲಿಗೆವ್ವನ ಕಣ್ಣು ಸಣ್ಣಗಾಗುತ್ತಿದ್ದವು. "ಏನಂದಿ? ಇನ್ನೊಮ್ಮಿ ಅನ್ನು" ಎನ್ನುತ್ತಿದ್ದಳು. ಕಿವಿ ಮಂದವೇನೂ ಆಗಿರಲಿಲ್ಲ. ಓಣಿಯ ಆ ತುದಿಯಲ್ಲಿ ಯಾರೋ ತನ್ನ ಹೆಸರೆತ್ತಿದರೆ ಈ ತುದಿಯಿಂದ ಉತ್ತರ ಕೊಡುವಷ್ಟು ಚುರುಕಾಗಿದ್ದವು. "ಸುಳ್ಳು ಹೇಳೋನು ಎರಡನೇ ಸಲ ಹಂಗ ಹೇಳಂಗಿಲ್ಲ ನೋಡು, ಒಂದೀಟು ಬೆಣ್ಣಿ ಹೆಚ್ಚಿಗಿ ಹಚ್ಚತಾನ" ಎನ್ನುವುದು ಆಕೆಯ ನಂಬಿಕೆ. ಪಿಂಚಣಿ ಅರ್ಜಿ ತುಂಬುವವನಿಂದ ಹಿಡಿದು ಓಟು ಕೇಳಲು ಬಂದವರ ತನಕ ಎಲ್ಲರೂ ಆಕೆಯ ಮುಂದೆ ಎರಡೆರಡು ಸಲ ಮಾತಾಡಿದವರೇ. ಶಾಲು ಹೊದಿಸಿದರೆ ತೆಗೆದು ಕೊಡವಿ, ತಿರುಗಿಸಿ ನೋಡಿ, ಆಮೇಲೆ ಮಡಿಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದಳು.

ಶಾಲು ಹೊದಿಸಲು ಕಾರಣವಿತ್ತು. ನಮ್ಮೂರು ತಂಬ್ರಹಳ್ಳಿಯಿಂದ ಸ್ವಲ್ಪ ಆಚೆ. ಒಂದು ಕಾಲಕ್ಕೆ ಊರಿಗೆಲ್ಲ ಒಂದೇ ಹಿಟ್ಟಿನ ಗಿರಣಿ. ಹೆಂಗಸರು ಜೋಳದ ಬುಟ್ಟಿ ತಂದು ಬಾಗಿಲಿನಿಂದ ಸಾಲಾಗಿ ಇಟ್ಟು ಮನೆಗೆ ಹೋದರೆ ಆಯಿತು, ಬುಟ್ಟಿಯೇ ಅವರ ಪಾಳಿ ಕಾಯುತ್ತಿತ್ತು. ನಮ್ಮ ಕೇರಿಯ ಬುಟ್ಟಿಗಳಿಗೆ ಮಾತ್ರ ಆ ಸಾಲಿನಲ್ಲಿ ಜಾಗವಿರಲಿಲ್ಲ. ಅವು ಹೊರಗೆ ಬೇವಿನ ಮರದ ಕೆಳಗೆ ಕೂರಬೇಕು, ಎಲ್ಲರದೂ ಮುಗಿದ ಮೇಲೆ ಒಳಗೆ ಹೋಗಬೇಕು. ನಮ್ಮದು ಬೀಸಿದ ಮೇಲೆ ಮಾಲೀಕ ತನ್ನ ಮನೆಯ ಒಂದು ಬೊಗಸೆ ಜೋಳ ಹಾಕಿ ಕಲ್ಲಿನ ಮೈಲಿಗೆ ತೆಗೆಯುತ್ತಿದ್ದನಂತೆ.

ಹುಲಿಗೆವ್ವ ಆಗ ಮದುವೆಯಾಗಿ ಬಂದ ಹೊಸತು. ಒಂದು ಬೆಳಿಗ್ಗೆ ತನ್ನ ಬುಟ್ಟಿಯನ್ನು ಸಾಲಿನೊಳಗೆ, ಗೌಡರ ಮನೆಯ ಬುಟ್ಟಿಯ ಹಿಂದೆ ಇಟ್ಟಳು. ಗಿರಣಿಯ ಆಳು ಅದನ್ನೆತ್ತಿ ಬೇವಿನ ಕೆಳಗೆ ಇಟ್ಟ. ಆಕೆ ಮತ್ತೆ ತಂದಿಟ್ಟಳು. ಹೀಗೆ ಮೂರು ಸಲ. ನಾಲ್ಕನೆಯ ಸಲ ಬುಟ್ಟಿಯನ್ನು ತಬ್ಬಿಕೊಂಡು ಸಾಲಿನಲ್ಲೇ ಕುಳಿತುಬಿಟ್ಟಳು. ಮರುದಿನದಿಂದ ಗಿರಣಿಗೆ ಬೀಗ.

ಮುಂದಿನದನ್ನು ಆಕೆಯ ಬಾಯಲ್ಲೇ ಕೇಳಬೇಕು. "ಬೆಲ್ಟ್ ಹರದೈತಿ ಅಂದ. ನಾ ಕಿಟಕ್ಯಾಗ ಇಣುಕಿ ನೋಡೀನಿ, ಬೆಲ್ಟು ಗಾಲಿ ಮ್ಯಾಲೆ ನೆಟ್ಟಗ ಕುಂತಿತ್ತು. ಎರಡು ತಿಂಗಳು ಹರಿದ ಬೆಲ್ಟು ಅದು! ನಾವು ಕೇರಿ ಹೆಣ್ಮಕ್ಕಳು ಹೊತ್ತು ಮೂಡಾಕ ಮುಂಚೆ ಬುಟ್ಟಿ ಹೊತ್ತು ಹಗರಿಬೊಮ್ಮನಹಳ್ಳಿಗೆ ನಡಕೊಂಡು ಹೋಗಿ ಬೀಸಿಸ್ಕಂಡು ಬರ್ತಿದ್ವಿ. ಊರಾಗಿನ ಹೆಣ್ಮಕ್ಕಳಿಗೆ ಅಷ್ಟು ನಡದು ಗೊತ್ತಿಲ್ಲಲ್ಲ, ಕೈಕಲ್ಲಿನಾಗ ಬೀಸಿ ಬೀಸಿ ರಟ್ಟಿ ಬಿದ್ದು ಹೋದ್ವು. ಅವ್ರೇ ಮಾಲೀಕನ ಮನಿ ಮುಂದ ನಿಂತು ಬಯ್ದ್ರು. ಆವಾಗ ತಗದ ನೋಡು ಬಾಗಲ. ಪ್ರೀತಿಲೇ ತಗದಿಲ್ಲ." ಬಾಗಿಲು ತೆರೆದ ದಿನ ಕೇರಿಯ ಬುಟ್ಟಿಗಳು ಸಾಲಿನೊಳಗೇ ಕುಳಿತವು, ಮತ್ತೆ ಹೊರಗೆ ಹೋಗಲಿಲ್ಲ.

ಗಿರಣಿ ನಿಂತುಹೋಗಿ ಎಷ್ಟೋ ವರ್ಷವಾಯಿತು. ಆದರೂ ಪ್ರತಿ ವರ್ಷ ಅದೇ ದಿನ ನಮ್ಮ ಕೇರಿಯವರು ಆ ಗಿರಣಿಯ ಕಟ್ಟೆಯ ಮೇಲೆ ಬುಟ್ಟಿ ಸಾಲು ಹಚ್ಚುತ್ತಿದ್ದೆವು. ಬರಬರುತ್ತಾ ಊರಿನವರೂ ತಂದಿಡತೊಡಗಿದರು. ಬಂದ ಪಾಳಿಯಲ್ಲೇ ಬುಟ್ಟಿಗಳು ಬಸ್‌ ನಿಲ್ದಾಣದ ಕರೆಂಟ್ ಗಿರಣಿಗೆ ಹೋಗುತ್ತವೆ, ಆ ಹಿಟ್ಟಿನಲ್ಲಿ ಎಲ್ಲರಿಗೂ ರೊಟ್ಟಿ. ಹುಲಿಗೆವ್ವ ಒಂದು ಕೋಲು ಹಿಡಿದು ಸಾಲಿನ ಪಕ್ಕ ಕುಕ್ಕರುಗಾಲಲ್ಲಿ ಕೂರುತ್ತಿದ್ದಳು. ಒಮ್ಮೆ ಒಬ್ಬ ಮುಖಂಡರು ತಡವಾಗಿ ಬಂದರು. ಫೋಟೊ ಚೆನ್ನಾಗಿ ಬರಲೆಂದು ಅವರ ಕಡೆಯವರು ಹೂವು ಸುತ್ತಿದ ಬುಟ್ಟಿಯನ್ನು ಎಲ್ಲಕ್ಕಿಂತ ಮುಂದೆ ಇಟ್ಟರು. ಹುಲಿಗೆವ್ವ ಎದ್ದು ಅದನ್ನು ದರದರ ಎಳೆದುಕೊಂಡು ಹೋಗಿ ಕೊನೆಯಲ್ಲಿಟ್ಟಳು. "ಸಾಹೇಬ್ರ, ನಿಮ್ಮ ಫೋಟೊ ಇಲ್ಲೇ ಚಂದ ಬರತೈತಿ" ಎಂದಳು. ಮುಖಂಡರು ನಕ್ಕರು. ಆ ನಗುವನ್ನೂ ಆಕೆ ಬಹಳ ಹೊತ್ತು ಅನುಮಾನದಿಂದ ನೋಡುತ್ತಿದ್ದಳು.

ನಾನು ಹಗರಿಬೊಮ್ಮನಹಳ್ಳಿಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು. ಆಕೆಯ ಮನೆಯ ಗೋಡೆ, ನಮ್ಮ ಮನೆಯ ಗೋಡೆ ಒಂದೇ. ಮೂರು ವರ್ಷದ ಹಿಂದೆ ಗಿರಣಿ ಮಾಲೀಕನ ಮೊಮ್ಮಗ ವೀರೇಶ ನನ್ನ ಮನೆಗೆ ಬಂದ. ಹಳೆಯ ಗಿರಣಿಯ ಜಾಗವನ್ನು ಸ್ಮಾರಕಕ್ಕೆ ಬಿಟ್ಟುಕೊಡುತ್ತೇನೆ, ಒಂದು ಕಲ್ಲು ಕೆತ್ತಿಸೋಣ, ಬರಹ ನೀವೇ ಬರೆಯಬೇಕು ಎಂದ. ಚಹಾ ಕುಡಿದು ಏಳುವಾಗ, "ಸರ್, ಹಳೇದೆಲ್ಲ ಕೆದಕೋದು ಬ್ಯಾಡ್ರಿ. ಎಲ್ಲರೂ ಕೂಡಿ ಮಾಡಿದ್ದು ಅನ್ನೋ ಹಂಗ ಇರ್ಲಿ" ಎಂದ. ನನಗೆ ಅವನ ಮೇಲೆ ಅನುಮಾನ ಬಂತು. ಆದರೆ ಜಾಗ ಸಿಗುತ್ತದಲ್ಲ, ಕಲ್ಲಿನ ಮೇಲೆ ನನ್ನ ವಾಕ್ಯ ಉಳಿಯುತ್ತದಲ್ಲ ಎಂಬ ಆಸೆಯೂ ಬಂತು. ಆ ಆಸೆಯ ಮೇಲೆ ಅನುಮಾನ ಬರಲಿಲ್ಲ. "ಗಿರಣಿ ಮಾಲೀಕರು ಹಾಗೂ ಊರ ಹಿರಿಯರ ಸಹಕಾರದಿಂದ ಇಲ್ಲಿ ಸರ್ವರಿಗೂ ಒಂದೇ ಪಾಳಿ ಆರಂಭವಾಯಿತು" ಎಂದು ಬರೆದೆ. ಕೊನೆಯಲ್ಲಿ ಹುಲಿಗೆವ್ವನ ಹೆಸರನ್ನು ಸೇರಿಸಿದೆ, ಊಟದ ಕೊನೆಗೆ ಉಪ್ಪಿನಕಾಯಿ ಬಡಿಸಿದ ಹಾಗೆ.

ಆಕೆಗೆ ಸುದ್ದಿ ಮುಟ್ಟಿತು. ಓದಲು ಬಾರದವಳು, ನನ್ನನ್ನು ಕರೆದು ತನ್ನ ಮನೆಯ ಕಟ್ಟೆಯ ಮೇಲೆ ಕೂರಿಸಿದಳು. "ಏನು ಬರದಿ, ಓದು." ಹಾಳೆ ಕೈಯಲ್ಲಿತ್ತು. ಆ ಮುಖ ನೋಡುತ್ತಾ ಅದರಲ್ಲಿದ್ದದ್ದನ್ನು ಓದಲು ನನಗೆ ಧೈರ್ಯ ಬರಲಿಲ್ಲ. ಹಾಳೆಯ ಮೇಲೆ ಕಣ್ಣಿಟ್ಟು, ಇಲ್ಲದ್ದನ್ನೇ ಓದಿದೆ. ಬೇವಿನ ಮರ, ಮೂರು ಸಲ ಎತ್ತಿಟ್ಟ ಬುಟ್ಟಿ, ಬೀಗ, ಹರಿಯದ ಬೆಲ್ಟು, ನಡೆದ ದಾರಿ ಎಲ್ಲವೂ ಬಂದವು. ಮಕ್ಕಳಿಗೆ ಪಾಠ ಹೇಳಿ ಹೇಳಿ ನನ್ನ ಬಾಯಿ ಪಳಗಿದೆ, ಮಾತು ಸರಾಗವಾಗಿ ಹರಿಯಿತು.

"ಚಂದೈತಿ" ಎಂದಳು. "ಇನ್ನೊಮ್ಮಿ ಓದು."

ಎರಡನೆಯ ಸಲ ನಾಲಿಗೆ ತಡವರಿಸಿತು. ಬೀಗ ಮೊದಲು ಬಂತು, ಬೇವು ಆಮೇಲೆ ಬಂತು, ಬೆಲ್ಟಿನ ಮಾತು ಬರಲೇ ಇಲ್ಲ. ಆಕೆ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಸಾಲುಗಳ ಮೇಲೆ ಬೆರಳಾಡಿಸಿದಳು.

"ಲೇ, ಇಲ್ಲಿರಾವು ಮೂರು ಸಾಲು. ನೀ ಅಷ್ಟೊತ್ತು ಓದಿದಿ. ಹಾಳ್ಯಾಗ ಏನೈತಿ ಅದನ್ನ ಓದು."

ಓದಿದೆ. ಆಕೆ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ವೀರೇಶ ಸುಳ್ಳು ಬರಸ್ತಾನ, ಅದು ಗೊತ್ತಿದ್ದದ್ದೇ. ಅವ್ರ ಅಜ್ಜಂದು ಅವ ಮುಚ್ಚಬೇಕಲ್ಲ. ನಾವು ಹೊತ್ತ ಬುಟ್ಟಿನ ನೀ ಯಾಕ ಅವ್ರ ತಲಿಮ್ಯಾಲೆ ಇಟ್ಟಿ? ನಿಮ್ಮವ್ವನೂ ನನ್ನ ಕೂಡ ನಡದಾಳಲೇ, ಹೊಟ್ಯಾಗ ನಿಮ್ಮಕ್ಕನ್ನ ಇಟ್ಕಂಡು."

ನನ್ನ ಅವ್ವ ಈ ಮಾತನ್ನು ನನಗೆ ಎಂದೂ ಹೇಳಿರಲಿಲ್ಲ. ಮನೆಗೆ ಹೋಗಿ ಹಾಳೆ ಹರಿದು ಹೊಸದಾಗಿ ಬರೆದೆ, ಆಕೆ ಹೇಳಿದ್ದನ್ನು ಆಕೆ ಹೇಳಿದ ಹಾಗೆಯೇ. ನಡೆದ ಹೆಂಗಸರ ಹೆಸರುಗಳನ್ನೆಲ್ಲ ಮನೆಮನೆಗೆ ಹೋಗಿ ಕೇಳಿ ಸೇರಿಸಿದೆ. ವೀರೇಶ ಓದಿದ, "ಯೋಚನೆ ಮಾಡ್ತೀನ್ರಿ ಸರ್" ಎಂದ. ವಾರದೊಳಗೆ ಗಿರಣಿಯ ಕಟ್ಟೆಗೆ ತಂತಿ ಬೇಲಿ ಬಂತು. ಕಲ್ಲನ್ನು ನಮ್ಮ ಕೇರಿಯ ಸಮುದಾಯ ಭವನದ ಮುಂದೆ, ಬಸ್ಸು ತಿರುಗುವ ಜಾಗದಲ್ಲಿ ನೆಟ್ಟೆವು. ಬುಟ್ಟಿಗಳ ಸಾಲು ಈಗ ಅಲ್ಲಿಂದ ಶುರುವಾಗುತ್ತದೆ. ಊರಿನ ಬುಟ್ಟಿಗಳು ಒಂದಷ್ಟು ಕಡಿಮೆಯಾಗಿವೆ, ಬರುವವರು ಮಾತ್ರ ಬರುತ್ತಾರೆ.

ಕಲ್ಲು ನೆಟ್ಟ ದಿನ ಆಕೆಗೆ ಅದನ್ನು ಓದಿ ಹೇಳಿದೆ. ಕೇಳದೇ ಇದ್ದರೂ ಎರಡು ಸಲ ಓದಿದೆ, ಒಂದಕ್ಷರ ಆಚೀಚೆ ಆಗದಂತೆ. ಆಕೆ "ಹೂಂ" ಎಂದಳು, ಅಷ್ಟೆ. ಆಮೇಲೆಯೂ ಗೋಡೆಯಾಚೆಯಿಂದ ಚಟ್ನಿ ಕೊಟ್ಟಳು, ಜ್ವರ ಬಂದಾಗ ಕಷಾಯ ಕೊಟ್ಟಳು. ಕಲ್ಲಿನ ಬಗ್ಗೆ ಒಂದು ಮಾತಿಲ್ಲ. ಆ ಒಂದು ಮಾತಿಗಾಗಿ ನಾನು ವರ್ಷಗಟ್ಟಲೆ ಕಾದೆ. ಕಳೆದ ಬೇಸಿಗೆಯಲ್ಲಿ ಎರಡೇ ದಿನ ಮಲಗಿದವಳು ಹೋಗಿಬಿಟ್ಟಳು.

ಮಣ್ಣು ಮಾಡಿ ಬಂದ ಮೇಲೆ ಅಂಗನವಾಡಿಯ ಶಾಂತಮ್ಮ ನನ್ನ ಪಕ್ಕ ಬಂದು ಕುಳಿತಳು. "ಮಾಸ್ತರ, ಹೇಳಬ್ಯಾಡ ಅಂದಿದ್ಲು. ಆ ಕಲ್ಲನ್ನ ನನ್ನ ಕಡೆ ಓದಿಸಿದ್ಲು. ನನಗಿಂತ ಮದ್ಲು ಪೋಸ್ಟಿನವನ ಕಡೆ ಓದಿಸಿದ್ಲಂತ, ಆಮ್ಯಾಲೆ ಬಸ್ ಕಂಡಕ್ಟರನ ಕಡೆ. ಬಸ್ಸು ಹತ್ತು ನಿಮಿಷ ನಿಲ್ಲಿಸಿದ್ಲು. ಮೂರೂ ಮಂದಿ ಒಂದ ನಮೂನಿ ಓದೀವಿ."

"ಏನಂದಳು?" ಎಂದೆ.

"'ಖರೇ ಬರದಾನ' ಅಂದ್ಲು. ಕಲ್ಲಿನ ಮುಂದ ಒಂದೀಟು ಹೊತ್ತು ಕುಂತ್ಲು, ಕಣ್ಣು ಒರಸ್ಕಂಡ್ಲು."

"ನನಗೇ ಹೇಳಬಹುದಿತ್ತಲ್ಲ, ಶಾಂತಮ್ಮ."

"ನಾನೂ ಅದನ್ನೇ ಕೇಳೀನ್ರಿ. 'ಬ್ಯಾಡ, ಅವಗ ಹೇಳಿದ್ರ ಮುಂದಿನ ಸಲ ಬರಿಯಾಗ ಅಂಜಿಕಿ ಹೋಗತೈತಿ' ಅಂದ್ಲು."