ಬೇವರ್ಸಿಗಳ ಎಲೆ

ಕಬಕದ ನಮ್ಮ ಮನೆಯೆದುರಿನ ಬಯಲಲ್ಲಿ ಆಡುವ ಮಕ್ಕಳಿಗೆಲ್ಲ ನನ್ನ ಸೋದರತ್ತೆ ಇಟ್ಟ ಹೆಸರು ಒಂದೇ, ಬೇವರ್ಸಿಗಳು. ಚೆಂಡು ಅಂಗಳಕ್ಕೆ ಬಿದ್ದರೆ ಈ ಹೆಸರಿನಲ್ಲೇ ಬೈಗುಳ. ಬೀಳದಿದ್ದರೂ ಸುಮ್ಮನಿರುವ ಜನವಲ್ಲ: "ಎಂತ, ಬೇವರ್ಸಿಗಳು ಇವತ್ತು ಬರ್ಲೇ ಇಲ್ವಾ?"

ಕನ್ನಡ ಮೇಷ್ಟ್ರಾಗಿ ನಿವೃತ್ತನಾದ ನನಗೆ ಶಬ್ದಗಳ ಬುಡ ಕೆದಕುವ ಚಟ. ಕೇಳುವವರು ಸಿಗಬೇಕು, ಅಷ್ಟೆ. ಕಳೆದ ಆಟಿಯಲ್ಲಿ ಅತ್ತೆ ಸಿಕ್ಕಿಬಿದ್ದರು.

ಆಟಿ ಎಂದರೆ ತುಳುವರ ಆಷಾಢ. ಆ ತಿಂಗಳಲ್ಲಿ ನಮ್ಮಲ್ಲಿ ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸುವ ಕ್ರಮ ಉಂಟು. ಒಳಕೋಣೆಯಲ್ಲಿ ಬಾಳೆಲೆ ಸಾಲು, ರೊಟ್ಟಿ, ಕೋಳಿ ಸಾರು. ಬಡಿಸಿ ಸ್ವಲ್ಪ ಹೊತ್ತು ಬಾಗಿಲು ಮುಚ್ಚುತ್ತೇವೆ. ಬಡಿಸುವವರು ಯಾರೂ ಇಲ್ಲದ ಸತ್ತವರಿಗೆಂದು ಜಗಲಿಯಲ್ಲಿ ಒಂದು ಎಲೆ. ಅದನ್ನು ಬಯಲಿನ ಮಕ್ಕಳು ನಿಮಿಷದಲ್ಲಿ ಖಾಲಿ ಮಾಡುತ್ತಾರೆ. ಅತ್ತೆ ಬೈಯುತ್ತಲೇ ಮತ್ತೆ ಸಾರು ತರುತ್ತಾರೆ.

ಅವರು ಸಾರು ಬಗ್ಗಿಸುತ್ತಿದ್ದಾಗ ನಾನು ಪಾಠ ಶುರು ಮಾಡಿದೆ. ಬೇವರ್ಸಿ ಎಂದರೆ ವಾರಸುದಾರರಿಲ್ಲದ್ದು. ಪಾರಸಿಯ ದಾರಿಯಾಗಿ ಬಂದ ಕಚೇರಿ ಮಾತು. ಯಾರೂ ಕೇಳದ ಆಸ್ತಿಗೆ ಹೇಳುತ್ತಿದ್ದದ್ದು, ಆಮೇಲೆ ಯಾರೂ ಕೇಳದ ಬೀದಿ ಮಕ್ಕಳಿಗೆ ಅಂಟಿತು. ಈಗ ಉಪ್ಪಿನಂಗಡಿಯಲ್ಲಿ ಬಸ್ಸು ನಿಲ್ಲಿಸದ ಡ್ರೈವರನಿಗೂ ಅದೇ.

ಅತ್ತೆಯ ಸೌಟು ನಿಂತಿತು. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ಮಕ್ಕಳಿಲ್ಲ.

"ಹಾಗಾದ್ರೆ ನಾನೂ ಅದೇ ಅಲ್ವಾ ಮಾರಾಯ?"

"ನಾನಿಲ್ವಾ ಅತ್ತೆ?"

"ನೀನಿದ್ದಿ. ಆದ್ರೆ ನಾನು ಹೋದ ಮೇಲೆ ನಂಗೆ ಎಲೆ ಎಲ್ಲಿ ಹಾಕುದು?"

ಮದುವೆ ಮಾಡಿ ಕೊಟ್ಟ ಹೆಣ್ಣಿಗೆ ನಮ್ಮ ಒಳಕೋಣೆಯಲ್ಲಿ ಎಲೆ ಇಲ್ಲ. ಗಂಡನ ಮನೆಯವರು ಇವರನ್ನು ಎಂದೋ ಮರೆತಿದ್ದಾರೆ. ಆಕೆ ಎಷ್ಟು ವರ್ಷದಿಂದ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬಡಿಸುತ್ತಿದ್ದರೋ! ನನಗೆ ಅಳು ಬಂತು. ಕ್ರಮ ಹಾಳಾಗಿ ಹೋಗಲಿ ಅನಿಸಿತು.

"ಒಳಗೇ ಹಾಕ್ತೇನೆ. ಅಪ್ಪನ ಪಕ್ಕದಲ್ಲಿ. ಯಾರು ಕೇಳ್ತಾರೆ ನೋಡುವ."

ಅತ್ತೆ ಮುಚ್ಚಿದ ಬಾಗಿಲನ್ನೊಮ್ಮೆ ನೋಡಿದರು. ಜಗಲಿಯಲ್ಲಿ ಕೋಳಿಕಾಲಿಗೆ ಜಗಳ ನಡೆದಿತ್ತು, ಒಬ್ಬಳ ಲಂಗದ ಮೇಲೆಲ್ಲ ಸಾರು.

"ಬೇಡ. ನಿನ್ನ ಅಪ್ಪ ಬದುಕಿದ್ದಾಗ್ಲೂ ಊಟಕ್ಕೆ ಕೂತ್ರೆ ಒಂದು ಮಾತಿಗೂ ಬಾಯಿ ಬಿಡ್ತಿರ್ಲಿಲ್ಲ. ನಂಗೆ ಜಗಲಿಯಲ್ಲೇ ಹಾಕು," ಎಂದು ಪಾತ್ರೆ ಎತ್ತಿಕೊಂಡರು. "ರೊಟ್ಟಿ ಸ್ವಲ್ಪ ಜಾಸ್ತಿ ಹಾಕು. ಇವು ನಂಗೆ ಎಂತದೂ ಉಳಿಸುದಿಲ್ಲ."