ಎಲೆ ಅಡಿಕೆ ಹಾಕಿಕೊಂಡವರು ಕೂಗಬಾರದು

ನಮ್ಮ ಮನೆಯ ಮುಂದಿನ ಚರಂಡಿಯ ಅಂಚಿನಲ್ಲಿ ಒಬ್ಬ ಹೆಂಗಸು ಬಗ್ಗಿ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಉಗಿಯುತ್ತಿದ್ದಾಳೆ. ಎಡಗೈಯಲ್ಲಿ ಸೆರಗು ಹಿಡಿದಿದ್ದಾಳೆ. ಬಾಯಿ ಒರೆಸಿಕೊಂಡು ಒಳಗೆ ಬಂದು, ಕೂತವರ ಮುಖ ನೋಡದೆ, "ನಂದು ಐದು ಸಾವ್ರ" ಎನ್ನುತ್ತಾಳೆ. ನಾಲ್ಕು ವರ್ಷದಿಂದ ಈ ಚಿತ್ರ ನನ್ನ ತಲೆಯಲ್ಲಿದೆ. ಎಷ್ಟೋ ಜನಕ್ಕೆ ಹೇಳಿಯೂ ಇದ್ದೇನೆ. ಅದು ಹಾಗೆ ನಡೆಯಲಿಲ್ಲ ಎಂದು ಈಗ ತಿಳಿದಿದೆ. ಆದರೂ ಕಣ್ಣು ಮುಚ್ಚಿದರೆ ಅದೇ ಹೆಂಗಸು, ಅದೇ ಸೆರಗು.

ತುಮಕೂರಿನ ನಮ್ಮ ಬೀದಿಯಲ್ಲಿ ಅಮ್ಮ ಚೀಟಿ ನಡೆಸುತ್ತಾಳೆ. ಇಪ್ಪತ್ತು ಮನೆ, ತಿಂಗಳಿಗೆ ಐದೈದು ಸಾವಿರ, ಒಟ್ಟು ಒಂದು ಲಕ್ಷ. ಮೊದಲ ತಿಂಗಳದ್ದು ನಡೆಸುವವಳಿಗೆ. ಆಮೇಲೆ ತಿಂಗಳಿಗೊಂದು ಭಾನುವಾರ ಊಟವಾದ ಮೇಲೆ ಎಲ್ಲರೂ ನಮ್ಮ ನಡುಮನೆಯಲ್ಲಿ ಕೂತು ಕೂಗುತ್ತಾರೆ. ದುಡ್ಡು ಬೇಕಾದವರು ತಾವು ಎಷ್ಟು ಬಿಟ್ಟುಕೊಡುತ್ತೇವೆ ಎಂದು ಕೂಗಬೇಕು. ಎಲ್ಲರಿಗಿಂತ ಹೆಚ್ಚು ಬಿಟ್ಟವರಿಗೆ ಆ ತಿಂಗಳ ಚೀಟಿ. ಅವರು ಬಿಟ್ಟ ಹಣ ಇಪ್ಪತ್ತು ಮನೆಗೂ ಹಂಚಿಹೋಗಿ, ಎಲ್ಲರ ಕಂತೂ ಅಷ್ಟು ಕಡಿಮೆಯಾಗುತ್ತದೆ. ಅಂದರೆ ಯಾರಿಗೆ ಕುತ್ತಿಗೆಗೆ ಬಂದಿದೆಯೋ ಅವರಿಂದ ಉಳಿದವರಿಗೆ ಲಾಭ. ಇದನ್ನು ಹೀಗೆ ಬಿಡಿಸಿ ಹೇಳಿದರೆ ಅಮ್ಮನಿಗೆ ಇಷ್ಟವಾಗುವುದಿಲ್ಲ.

ಆ ಐದು ಸಾವಿರ ಸುಮ್ಮನೆ ಹುಟ್ಟುವ ದುಡ್ಡಲ್ಲ. ಅಮ್ಮ ತರಕಾರಿಗೆ ಹೋಗುವುದೇ ಮಾರುವವರು ಮೂಟೆ ಕಟ್ಟುವ ಹೊತ್ತಿಗೆ. ತೊಗರಿಬೇಳೆ ಏರಿದ ತಿಂಗಳು ಮನೆಯಲ್ಲಿ ಹುರುಳಿ ಸಾರು. ಒಂದು ಕೊಂಡರೆ ಒಂದು ಉಚಿತ ಎಂದು ಸೂಪರ್ ಮಾರ್ಕೆಟ್ಟಿನಲ್ಲಿ ಬೋರ್ಡು ಹಾಕಿದ್ದರೆ, "ಆ ಫ್ರೀದು ನೀನೇ ಇಟ್ಕಳಪ್ಪ, ನಂಗೆ ಅರ್ಧ ರೇಟಿಗೆ ಒಂದೇ ಕೊಡು" ಎಂದು ವಾದಕ್ಕೆ ನಿಲ್ಲುತ್ತಾಳೆ. ನಾನು ಎರಡು ಹೆಜ್ಜೆ ದೂರ ನಿಂತು ಯಾರದೋ ಮಗನಂತೆ ಫೋನು ನೋಡುತ್ತೇನೆ.

ನಮ್ಮ ಬೀದಿಯ ಚೀಟಿಗೆ ಇನ್ನೊಂದು ಪದ್ಧತಿಯಿದೆ. ಯಾರಿಗಾದರೂ ನಿಜವಾದ ಸಂಕಟ ಬಂದರೆ ಅವರು ಬಾಯಿಬಿಟ್ಟು ಕೇಳಬೇಕಾಗಿಲ್ಲ. ಆ ವಾರ ಅಮ್ಮ ಎಲೆ ಅಡಿಕೆ ಕಟ್ಟಿಕೊಂಡು ಮನೆಮನೆಗೆ ಹೋಗುತ್ತಾಳೆ. "ಈ ತಿಂಗಳು ಇಂಥವರಿಗೆ" ಎಂದು ಕೈಗೆ ಕೊಡುತ್ತಾಳೆ. ತೆಗೆದುಕೊಂಡವರು ಭಾನುವಾರ ಅದನ್ನು ಬಾಯಿಗೆ ಹಾಕಿಕೊಂಡೇ ಬಂದು ಕೂರುತ್ತಾರೆ. ಎಲೆ ಅಡಿಕೆ ಬಾಯಲ್ಲಿದ್ದವರು ಕೂಗಬಾರದು. ಕಷ್ಟದಲ್ಲಿರುವವರು ಒಬ್ಬರೇ ಬಾಯಿ ತೆರೆಯುತ್ತಾರೆ; ಏನೂ ಬಿಡದೆ ಪೂರ್ತಿ ಒಂದು ಲಕ್ಷ ಅವರ ಕೈ ಸೇರುತ್ತದೆ. ಅಮ್ಮ ಹಿತ್ತಾಳೆ ಲೋಟವನ್ನು ಮೂರು ಸಲ ನೆಲಕ್ಕೆ ಕುಟ್ಟಿದರೆ ಮುಗಿಯಿತು.

ನಾನು ಗುಬ್ಬಿಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕ. ಅತಿಥಿ ಎಂದ ಮೇಲೆ ಸಂಬಳವೂ ಅತಿಥಿಯಂತೆಯೇ, ಬಂದಾಗ ಬಂತು. ಸಾರ್ವಜನಿಕ ಸಾಲದ ಪಾಠ ಮಾಡುವಾಗ ಚೇಳೂರಿನ ಕಡೆಯ ಹುಡುಗಿಯೊಬ್ಬಳು ಪ್ರತಿವರ್ಷ ಯಾರಾದರೊಬ್ಬರು ಕೇಳುವ ಪ್ರಶ್ನೆಯನ್ನು ಕೇಳಿದಳು: "ದೇಶದ ಸಾಲದಲ್ಲಿ ನಮ್ಮ ತಲೆಗೂ ಇಷ್ಟು ಅಂತಾರಲ್ಲ ಸಾರ್, ನಾವು ಯಾವಾಗ ತಗೊಂಡ್ವಿ?" ನಾನು ನಕ್ಕು ಉತ್ತರ ಹೇಳಿದೆ. ಅದನ್ನು ಮನೆಗೆ ಬಂದು ಹೇಳಿದಾಗ ಅಮ್ಮನಿಗೆ ಬೇಕಾದದ್ದು ಬೇರೆಯೇ ವಿಷಯ.

"ಸರ್ಕಾರ ಸಾಲ ಎತ್ತಾದು ಹೆಂಗ್ಲಾ?"

"ಹರಾಜಿನಲ್ಲೇ ಅಮ್ಮ. ಯಾರು ಕಮ್ಮಿ ಬಡ್ಡಿಗೆ ಕೊಡ್ತಾರೋ ಅವರದ್ದು ಮೊದಲು ತಗೊಳ್ಳತ್ತೆ. ಜಾಸ್ತಿ ಬೇಕಾದಷ್ಟೂ ಬಡ್ಡಿ ಏರತ್ತೆ."

"ಅಲ್ಲಿ ಎಲೆ ಅಡಿಕೆ ಕೊಡೋರು ಯಾರೂ ಇಲ್ವಾ?"

"ಅಲ್ಲಿ ಹಂಗೆ ಎಲ್ಲಾರೂ ಮಾತಾಡ್ಕೊಂಡು ಬಂದ್ರೆ ಕೇಸಾಗತ್ತೆ."

"ಹಂಗಾದ್ರೆ ನನ್ನೂ ಹಿಡ್ಕೊಂಡು ಹೋಗ್ಲಿ ಬುಡು" ಎಂದು ಅಮ್ಮ ಸೊಪ್ಪು ಬಿಡಿಸಲು ಕೂತಳು.

ನಾಲ್ಕು ವರ್ಷದ ಹಿಂದೆ ಎಲೆ ಅಡಿಕೆ ಹಂಚಿದ್ದು ಎದುರುಮನೆಯಾಕೆಗಾಗಿ. ಆಕೆ ರವಿಕೆ ಹೊಲಿಯುತ್ತಾಳೆ. ಗಂಡ ತೀರಿಕೊಂಡಿದ್ದಾನೆ, ಇರುವವಳು ಒಬ್ಬಳೇ ಮಗಳು. ಈದ್ ದಿನ ಅವರ ಮನೆಯಿಂದ ನಮಗೆ ಸುರ್ಕುಂಬಾ ಬರುತ್ತದೆ, ಯುಗಾದಿಗೆ ನಮ್ಮಿಂದ ಹೋಳಿಗೆ ಹೋಗುತ್ತದೆ. ಆ ವರ್ಷ ಮಗಳು ಪಿಯುಸಿ ಮುಗಿಸಿ ನರ್ಸಿಂಗ್‌ಗೆ ಸೀಟು ಪಡೆದಿದ್ದಳು. ಫೀಸು ಎಂಬತ್ತೈದು ಸಾವಿರ. ಕಟ್ಟಲು ಆ ವಾರವೇ ಕೊನೆ. ಒಡವೆ ಆಗಲೇ ಗಿರವಿಯಲ್ಲಿತ್ತು. ಬ್ಯಾಂಕಿನವರು ಜಾಮೀನು ಕೇಳಿದ್ದರು, ಬೆಳ್ಳಾವಿಯಲ್ಲಿದ್ದ ಆಕೆಯ ಅಣ್ಣ ಬರುತ್ತೇನೆ ಎಂದವನು ಬಂದಿರಲಿಲ್ಲ. ಚೀಟಿಯಲ್ಲಿ ಹದಿನೈದು ಸಾವಿರಕ್ಕಿಂತ ಹೆಚ್ಚು ಬಿಡಬೇಕಾಗಿ ಬಂದರೆ ಸೀಟು ಹೋದಂತೆಯೇ ಎಂದು ಇಡೀ ಬೀದಿಗೆ ಗೊತ್ತಿತ್ತು.

ಆ ಭಾನುವಾರ ನನ್ನ ನೆನಪಿನಲ್ಲಿರುವುದು ಹೀಗೆ. ಎಲ್ಲರೂ ಅಗಿಯುತ್ತ ಕೂತಿದ್ದಾರೆ. ಎದುರುಮನೆಯಾಕೆ "ನಂಗೆ ಬೇಕು" ಎಂದು ಸಣ್ಣಗೆ ಹೇಳುತ್ತಾಳೆ. ಅಮ್ಮ ಲೋಟ ಎತ್ತುತ್ತಾಳೆ. ಆಗ ಮೂಲೆಮನೆಯ ಹಾರ್ಡ್‌ವೇರ್ ಅಂಗಡಿಯವರ ಹೆಂಡತಿ ಎದ್ದು ಹೊರಗೆ ಹೋಗಿ ಉಗಿದು ಬರುತ್ತಾಳೆ. ಕೂಗು ಏರುತ್ತದೆ. ಎಂಟು, ಹತ್ತು, ಹನ್ನೆರಡು. ಎದುರುಮನೆಯಾಕೆ ಹದಿನೈದು ಎನ್ನುತ್ತಾಳೆ. ಅಂಗಡಿಯಾಕೆ ಇಪ್ಪತ್ತು ಎನ್ನುತ್ತಾಳೆ. ಲೋಟ ಮೂರು ಸಲ ನೆಲಕ್ಕೆ ಬೀಳುತ್ತದೆ. ಅಂಗಡಿಯವರು ಆ ಹಣವನ್ನು ಕುಣಿಗಲ್ ರಸ್ತೆಯ ಒಂದು ಸೈಟಿಗೆ ಮುಂಗಡವಾಗಿ ಕೊಟ್ಟರು.

ಹುಡುಗಿಯ ಸೀಟು ಹೋಯಿತು. ಎದುರುಮನೆಯಾಕೆ ಮುಂದೆ ಯಾವುದೋ ತಿಂಗಳು ಚೀಟಿ ಎತ್ತಿಕೊಂಡಳು, ಅದು ಆಕೆಯ ಗರ್ಭಕೋಶದ ಆಪರೇಷನ್‌ಗೆ ಹೋಯಿತು. ಹುಡುಗಿ ಸೂಪರ್ ಮಾರ್ಕೆಟ್ಟಿನ ಬಿಲ್ಲಿಂಗ್ ಕೌಂಟರಿಗೆ ಸೇರಿದಳು. ಅಲ್ಲಿ ಸಾಮಾನು ತಂದರೆ ಬಿಲ್ಲಿನ ಕೆಳಗೆ ನೀವು ಇಂದು ಇಷ್ಟು ಉಳಿಸಿದ್ದೀರಿ ಎಂದು ಅಚ್ಚಾಗಿರುತ್ತದೆ. ಆ ಕೈಯಿಂದ ಆ ಬಿಲ್ಲು ಪಡೆಯುವುದು ನನಗೆ ಕಷ್ಟವಾಗುತ್ತಿತ್ತು. ಅಂಗಡಿಯವರ ಮೇಲೆ ನನಗೆ ಬಂದ ಸಿಟ್ಟು ಹೋಗಲೇ ಇಲ್ಲ. ನಲ್ಲಿಯ ವಾಷರ್ ಬೇಕಾದರೂ ಮೂಲೆಯ ಅಂಗಡಿ ದಾಟಿ ಬಸ್‌ಸ್ಟ್ಯಾಂಡಿನ ತನಕ ನಡೆದು ಹೋಗಿ ತರುತ್ತಿದ್ದೆ. ಹಾಗೆ ನಡೆಯುವಾಗ ಒಂದು ಬಗೆಯ ನೆಮ್ಮದಿಯೂ ಆಗುತ್ತಿತ್ತು.

ಈ ವರ್ಷ ಬೇಸಿಗೆಯಲ್ಲಿ ಕುಣಿಗಲ್ಲಿಗೆ ಅಕ್ಕನ ಮನೆಗೆ ಹೋಗಿದ್ದೆ. ಅಮ್ಮನ ಚೀಟಿಯಲ್ಲಿ ಅಕ್ಕನೂ ಮೊದಲಿಂದ ಇದ್ದಾಳೆ. ಮಾತಿನ ನಡುವೆ ಎದುರುಮನೆ ಹುಡುಗಿಯ ಸುದ್ದಿ ಬಂತು. ಹೊಸ ಚೀಟಿಗೆ ಅವಳು ತನ್ನ ಸಂಬಳದಿಂದ, ತನ್ನ ಹೆಸರಿನಲ್ಲೇ ಸೇರಿದ್ದಾಳೆ. ಮತ್ತೆ ನರ್ಸಿಂಗ್‌ಗೆ ಅರ್ಜಿ ಹಾಕಿದ್ದಾಳೆ. ಈ ಸಲ ಸಿಕ್ಕದಿದ್ದರೆ ಮನೆಯಲ್ಲಿ ನಿಶ್ಚಿತಾರ್ಥ ಮಾಡುತ್ತಾರಂತೆ ಎಂದೆ. ಅಷ್ಟಕ್ಕೆ ನಿಲ್ಲಿಸದೆ, ಆ ಅಂಗಡಿಯಾಕೆ ಅವತ್ತು ಉಗಿಯದೇ ಇದ್ದಿದ್ದರೆ ಹುಡುಗಿ ಇಷ್ಟೊತ್ತಿಗೆ ಆಸ್ಪತ್ರೆಯಲ್ಲಿ ಕೆಲಸದಲ್ಲಿರುತ್ತಿದ್ದಳು ಎಂದೂ ಸೇರಿಸಿದೆ.

ಅಕ್ಕ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದವಳು ನಿಲ್ಲಿಸಿದಳು. "ಉಗಿದಿದ್ದು ಅವಳಲ್ಲ ಕಣೋ."

"ಮತ್ತೆ?"

"ನಾನು."

ನನಗೆ ನಗು ಬಂತು. "ನಾನೇ ನೋಡಿದೀನಲ್ಲ."

"ಏನ್ ನೋಡ್ದೆ ನೀನು? ರೂಮಲ್ಲಿ ಗೋಡೆ ಕಡೆ ಮುಖ ಹಾಕ್ಕೊಂಡು ಪೇಪರ್ ತಿದ್ತಾ ಕೂತಿದ್ದೆ. ಗಲಾಟೆ ಆದ್ಮೇಲೆ ಎದ್ದು ಬಂದೆ. ಆಗ ಅವಳು ಕೂಗ್ತಿದ್ಲು, ಅದು ನಿಜ. ಒಬ್ರು ಬಾಯಿ ಬಿಟ್ಮೇಲೆ ಅವಳು ಯಾಕೆ ಸುಮ್ನಿರ್ತಾಳೆ? ಮೊದಲು ಐದು ಅಂದಿದ್ದು ನಾನು."

ಭಾವನದು ಆಗ ಸ್ವಂತ ಲಗೇಜ್ ಆಟೋ ಇತ್ತು. ಚೇಳೂರು, ಗುಬ್ಬಿ ಕಡೆಯಿಂದ ತೆಂಗಿನಕಾಯಿ ತುಂಬಿಕೊಂಡು ಬರುತ್ತಿದ್ದರು. ಕಂತು ನಿಂತಿತ್ತು, ಫೈನಾನ್ಸಿನವರು ಗಾಡಿ ಎಳೆದುಕೊಂಡು ಹೋಗುತ್ತೇವೆ ಎಂದಿದ್ದರು.

"ಅಮ್ಮಂಗೆ ಹೇಳಿದ್ದೆ. ಈ ತಿಂಗಳು ಆ ಹುಡುಗಿಗೆ, ಮುಂದಿನ ತಿಂಗಳು ನಿಂಗೆ ಅಂದ್ಲು. ನನ್ನ ಕೈಗೂ ಎಲೆ ಅಡಿಕೆ ಇಟ್ಲು. ತಗೊಂಡೆ. ಬಾಯಿಗೂ ಹಾಕ್ಕೊಂಡೆ. ಆಮೇಲೆ ಫೈನಾನ್ಸಿನೋನು ಫೋನ್ ಮಾಡ್ದ." ಅಕ್ಕ ಜರಡಿಯನ್ನು ಮತ್ತೆ ಅಲ್ಲಾಡಿಸಿದಳು. "ಎಂಟರ ತನಕ ಹೋದೆ. ಅದರ ಮೇಲೆ ಬಿಟ್ರೆ ನಂಗೂ ಸಾಕಾಗ್ತಿರ್ಲಿಲ್ಲ. ಆ ಹುಡುಗಿಗೂ ಆಗ್ಲಿಲ್ಲ, ನಂಗೂ ಆಗ್ಲಿಲ್ಲ. ಗಾಡಿ ಹೋಯ್ತು. ನಿನ್ನ ಪುಸ್ತಕದ ಬೀರು ತಂದು ಹಾಕಿದ ಗಾಡಿ ಕಣೋ ಅದು."

ಗಾಡಿ ಹೋದದ್ದು ನನಗೆ ಗೊತ್ತಿತ್ತು. ಭಾವ ಈಗ ಬೇರೆಯವರ ಗಾಡಿಗೆ ಡ್ರೈವರು. ಆದರೆ ಅದನ್ನೂ ಆ ಭಾನುವಾರವನ್ನೂ ನಾನು ಒಟ್ಟಿಗೆ ಇಟ್ಟು ನೋಡಿರಲಿಲ್ಲ. ಬಸ್ಸಿನಲ್ಲಿ ತುಮಕೂರಿಗೆ ಮರಳುವಾಗ ನನ್ನ ಚಿತ್ರವನ್ನು ಮತ್ತೆ ಮತ್ತೆ ತೆಗೆದು ನೋಡಿದೆ. ಸೆರಗಿನ ಬಣ್ಣವೇನು? ತಿಳಿಯಲಿಲ್ಲ. ರೂಮಿನ ಬಾಗಿಲಿನಿಂದ ಚರಂಡಿ ಕಾಣುತ್ತದೆಯೇ? ಮನೆಗೆ ಬಂದವನೇ ಆ ಬಾಗಿಲಲ್ಲಿ ನಿಂತು ನೋಡಿದೆ. ಕಾಣುವುದಿಲ್ಲ. ಮೋಟಾರಿನ ಸ್ವಿಚ್‌ಬೋರ್ಡ್ ಇರುವ ಗೋಡೆ ಅಡ್ಡ ಬರುತ್ತದೆ. ಓದಿದ್ದನ್ನೆಲ್ಲ, ಕೇಳಿದ್ದನ್ನೆಲ್ಲ ಅನುಮಾನದಿಂದ ನೋಡು ಎಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ಕಂಡದ್ದರ ಮೇಲೆ ಮಾತ್ರ ಅನುಮಾನ ಬಂದಿರಲಿಲ್ಲ. ಕಾಣದ್ದನ್ನು ಕಂಡೆನೆಂದುಕೊಂಡಿದ್ದೆ. ಈಗ ಅಕ್ಕ ಹೇಳಿದ್ದನ್ನು ನಂಬಿದ್ದೇನೆ, ಅದನ್ನೂ ಎಷ್ಟು ನಂಬಬೇಕೋ ಗೊತ್ತಿಲ್ಲ.

ಅಮ್ಮನನ್ನು ಕೇಳಿದೆ. ಅವಳು ಕೊತ್ತಂಬರಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಯಾರು ಮೊದಲು, ಯಾರು ಆಮೇಲೆ, ನಂಗೆ ಅದೆಲ್ಲ ಯಾಕೆ? ಆ ತಿಂಗಳು ಎಲ್ಲಾರೂ ಒಂದೊಂದ್ ಸಾವ್ರ ಕಮ್ಮಿ ಕಟ್ಟಿದ್ರು. ಅಷ್ಟು ಜ್ಞಾಪಕ ಐತೆ. ಬ್ಯಾಡ ಅಂದೋರು ಒಬ್ರೂ ಇಲ್ಲ."

"ನಾವು?"

"ನಾವೂ ನಾಲ್ಕೇ ಹಾಕಿದ್ದು. ನಿನ್ನ ಸಂಬಳ ಬಂದಿರ್ಲಿಲ್ಲವಲ್ಲ."

ಅಂಗಡಿಯವರನ್ನು ಬಿಟ್ಟು ವಾಷರ್‌ಗಾಗಿ ಅಷ್ಟು ದೂರ ನಡೆದವನು ಆ ಸಾವಿರದ ಬಗ್ಗೆ ಒಮ್ಮೆಯೂ ಯೋಚಿಸಿರಲಿಲ್ಲ. ಅದರಲ್ಲಿ ಏನು ತಂದೆವೋ. ನೆನಪಾಗಲೇ ಇಲ್ಲ.

ಹುಡುಗಿಗೆ ಸೀಟು ಬಂತು. ಫೀಸು ಏರಿತ್ತು, ಅವಳು ಕೂಡಿಟ್ಟದ್ದಕ್ಕೆ ಪೂರ್ತಿ ಒಂದು ಲಕ್ಷ ಸೇರಿದರೆ ಮಾತ್ರ ಸರಿಹೋಗುತ್ತಿತ್ತು. ಒಬ್ಬರು ಬಾಯಿ ಬಿಟ್ಟರೂ ಮುಗಿಯಿತು. ಆ ಭಾನುವಾರದ ನಂತರ ಅಮ್ಮ ಯಾರಿಗೂ ಎಲೆ ಅಡಿಕೆ ಹಂಚಿರಲಿಲ್ಲ. ಈಗಲೂ ಹೊರಡಲಿಲ್ಲ. "ನಾನು ಕೊಟ್ರೆ ತಗೋತಾರೆ, ಆಮೇಲೆ ಉಗೀತಾರೆ" ಎಂದಳು. ಶನಿವಾರ ಬೆಳಿಗ್ಗೆ ಅಕ್ಕ ಕುಣಿಗಲ್ ಬಸ್ಸಿಳಿದು ಬಂದಳು. ಕೈಯಲ್ಲಿ ಒಂದು ಕವರು, ಅದರ ತುಂಬ ವೀಳ್ಯದೆಲೆ.

"ಯಾರು ಕಳಿಸಿದ್ದು ನಿನ್ನ?" ಎಂದಳು ಅಮ್ಮ.

"ಯಾರೂ ಇಲ್ಲ. ಅಡಿಕೆ ಎಲ್ಲಿಟ್ಟಿದೀಯ ಕೊಡು."

ನನ್ನನ್ನೂ ಕರೆದುಕೊಂಡು ಅವಳು ಮೊದಲು ಹೋದದ್ದು ಮೂಲೆಮನೆಗೆ. ಹಾರ್ಡ್‌ವೇರ್ ಅಂಗಡಿಯಾಕೆ ಬಾಗಿಲಿಗೆ ಬಂದು ಅಕ್ಕನ ಕೈಯನ್ನೂ ನನ್ನ ಮುಖವನ್ನೂ ನೋಡಿದಳು.

"ಏನಮ್ಮ, ಈ ಸಲ ನೀನೇ ಬಂದಿದೀಯ."

"ಬಂದಿದೀನಿ ಅಕ್ಕಾ. ಆ ಹುಡುಗಿಗೆ."

"ನಿನ್ನ ತಮ್ಮ ಒಂದು ವಾಷರ್‌ಗೆ ಬಸ್‌ಸ್ಟ್ಯಾಂಡ್ ತನಕ ಹೋಗ್ತಾನೆ, ನಮ್ ಯಜಮಾನ್ರು ನೋಡಿ ನೋಡಿ ನಗ್ತಾರೆ. ಕಾಲು ನೋಯಲ್ವೇನಪ್ಪ ಮೇಷ್ಟ್ರೇ?"

ಅಕ್ಕ ಹೇಳಿದಳು, "ಅವನಿಗೆ ಗೊತ್ತಿರ್ಲಿಲ್ಲ. ಈಗ ಹೇಳಿದೀನಿ."

ಅಂಗಡಿಯಾಕೆ ಸೆರಗಿಗೆ ಕೈ ಒರೆಸಿಕೊಂಡಳು. "ಮೊದಲು ಉಗಿದಿದ್ದು ನೀನು ಅಂತ ನಾನೂ ನಿನ್ನ ತಮ್ಮಂಗೆ ಹೇಳಕ್ಕೆ ಹೋಗಿಲ್ಲ ಕಣಮ್ಮ. ಇಪ್ಪತ್ತು ಅಂದಿದ್ದು ನಾನೇ ತಾನೆ. ಯಾವ ಬಾಯಲ್ಲಿ ಹೇಳ್ಲಿ?" ಎಂದು ಕೈ ಚಾಚಿದಳು. ಎಲೆ ಅಡಿಕೆ ತೆಗೆದುಕೊಂಡಳು.

ಭಾನುವಾರ ಈ ಸಲ ನಾನು ರೂಮಿನಲ್ಲಿ ಕೂರಲಿಲ್ಲ. ನಡುಮನೆಯಲ್ಲಿ ಎಲ್ಲರೂ ಕಾಣುವಂತೆ ಗೋಡೆಗೆ ಒರಗಿ ಕೂತೆ. ಅಕ್ಕ ಅಮ್ಮನ ಪಕ್ಕದಲ್ಲಿದ್ದಳು. ದವಡೆ ಮಾತ್ರ ಆಡುತ್ತಿತ್ತು. ಹುಡುಗಿ ಕೌಂಟರಿನ ಯೂನಿಫಾರ್ಮಿನಲ್ಲೇ ಬಂದಿದ್ದಳು, ಕೆಲಸದ ನಡುವೆ ಬಿಡುವು ಕೇಳಿಕೊಂಡು. ಅವಳ ತಾಯಿ ಬರಲಿಲ್ಲ. ಎದುರುಮನೆಯ ಹೊಲಿಗೆ ಯಂತ್ರದ ಸದ್ದು ನಿಂತು ನಿಂತು ಕೇಳುತ್ತಿತ್ತು.

"ಕೂಗೋರು ಕೂಗ್ರಮ್ಮ" ಎಂದಳು ಅಮ್ಮ.

"ನನಗೆ ಬೇಕು ಅಜ್ಜಿ" ಎಂದಳು ಹುಡುಗಿ.

ಅಮ್ಮ ಲೋಟ ಎತ್ತಿದಳು. ಮೊದಲ ಸಲ ಕುಟ್ಟಿದ ಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಎದ್ದರು. ನಾನು ಗೋಡೆ ಬಿಟ್ಟು ಮುಂದಕ್ಕೆ ಬಾಗಿದೆ. ಅವರು ಕಾಲು ಜೋಮು ಹಿಡಿದಿದೆ ಎಂದು ಸನ್ನೆ ಮಾಡಿ ಮತ್ತೆ ಕೂತರು. ಎರಡನೆಯ ಸಲ. ಅಕ್ಕನ ಮಡಿಲಲ್ಲಿದ್ದ ಫೋನು ನಡುಗಿತು, ಅವಳು ಅದನ್ನು ಮುಖ ಅಡಿಯಾಗಿ ಮಗುಚಿಟ್ಟಳು. ಅಂಗಡಿಯಾಕೆ ಸೂರು ನೋಡುತ್ತಿದ್ದಳು. ಮೂರನೆಯ ಸಲ ಲೋಟ ನೆಲಕ್ಕೆ ಬಿದ್ದಾಗ ಹುಡುಗಿ ಅಳಲೂ ಇಲ್ಲ, ನಗಲೂ ಇಲ್ಲ. ಅಮ್ಮನ ಕಾಲಿಗೆ ಕೈ ಮುಟ್ಟಿಸಿ, ಲೇಟಾಯ್ತು ಎಂದು ಕೆಲಸಕ್ಕೆ ಹೊರಟಳು.

ಎದುರುಮನೆಯಲ್ಲಿ ಯಂತ್ರದ ಸದ್ದು ನಿಂತಿತು. ಒಬ್ಬೊಬ್ಬರೇ ಎದ್ದು ಹೊರಗೆ ಹೋಗಿ ಚರಂಡಿಯ ಅಂಚಿನಲ್ಲಿ ಬಗ್ಗಿ ಉಗಿದರು. ಅಕ್ಕ ಬಗ್ಗಿದಾಗ ಸೆರಗನ್ನು ಯಾವ ಕೈಯಲ್ಲಿ ಹಿಡಿದಳು ಎಂದು ನೋಡಿದೆ. ಬಲಗೈ. ನನ್ನ ಚಿತ್ರದ ಹೆಂಗಸಿನದು ಎಡಗೈ.

ನಾನು ಫೋನು ತೆಗೆದು ನಮ್ಮ ಮನೆಯ ಕಂತು ಹಾಕಿದೆ. ಪೂರ್ತಿ ಐದು ಸಾವಿರ.