ಟಿಕೆಟ್ಟಿನ ಹಿಂದೆ ಬರೆದ ಆರು ತಿಂಗಳು

ಆ ಮಧ್ಯಾಹ್ನವೂ ನಮ್ಮವರು ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡೇ ಬಸ್ಸಿನಿಂದ ಇಳಿದರು. ಸಾಗರದಿಂದ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿಗೆ ಅವರು ಕಂಡಕ್ಟರ್. ಆನಂದಪುರದಲ್ಲಿ ನಮ್ಮ ಮನೆ ರಸ್ತೆ ಬದಿಗೇ ಇದೆ. ದಿನವೂ ಅಲ್ಲಿ ಒಂದು ನಿಮಿಷ ಬಸ್ಸು ನಿಲ್ಲಿಸಿ, ನನ್ನ ಕೈಯಿಂದ ಊಟದ ಡಬ್ಬಿ ತೆಗೆದುಕೊಂಡು ಹೋಗುತ್ತಿದ್ದರು.

"ಇವತ್ತೂ ಬಸಳೆ ಸೊಪ್ಪೇನಾ ಮಾರಾಯ್ತಿ?"

"ಬೇಡಾಂದ್ರೆ ಪ್ಯಾಸೆಂಜರಿಗೆ ಕೊಡ್ರಿ."

ಕಿಟಕಿ ಪಕ್ಕ ಕೂತವರೆಲ್ಲ ನಕ್ಕರು. ಇವರು ಸೀಟಿ ಊದಿದರು, ಬಸ್ಸು ಹೋಯಿತು.

ಮರುದಿನ ಮಾಲೀಕರು ಬಸ್ಸನ್ನು ಶೆಡ್ಡಿಗೆ ಹಾಕಿಸಿದರು. ಜನ ಸಾಕಷ್ಟು ಹತ್ತುತ್ತಿಲ್ಲ, ಡೀಸೆಲ್ ಖರ್ಚೂ ಹುಟ್ಟುತ್ತಿಲ್ಲ, ಸ್ವಲ್ಪ ಕಾಲ ನೋಡೋಣ ಎಂದರು.

ಕಿವಿಯ ಮೇಲಿನ ಪೆನ್ನಿಗೆ ಒಂದೇ ಕೆಲಸ. ಚಿಲ್ಲರೆ ಇಲ್ಲದಾಗ ಕೊಡಬೇಕಾದ ಬಾಕಿಯನ್ನು ಟಿಕೆಟ್ಟಿನ ಹಿಂದೆ ಬರೆದು ಸುತ್ತ ಗೆರೆ ಎಳೆಯುವುದು. ಎಲ್ಲ ಕಂಡಕ್ಟರರೂ ಮಾಡುವುದೇ. ಆದರೆ ಇವರು ಮರೆಯುತ್ತಿರಲಿಲ್ಲ. ಬಾಕಿ ಕೇಳದೆ ಇಳಿದುಹೋದ ಒಬ್ಬ ಹೆಂಗಸನ್ನು ವಾರದ ಮೇಲೆ ಹೊಸನಗರದ ಸ್ಟ್ಯಾಂಡಿನಲ್ಲಿ ಕಂಡು, "ಅಕ್ಕಾ, ನಿಮ್ಮ ಮೂರು ರೂಪಾಯಿ ಹೊತ್ಕೊಂಡು ಸಾಕಾಯ್ತು, ಹಿಡೀರಿ" ಎಂದು ಕೂಗಿದ್ದರಂತೆ.

ಬಸ್ಸು ನಿಂತ ಮೇಲೆ ಸಾಗರದ ಅಡಿಕೆ ಮಂಡಿಯಲ್ಲಿ ಕೆಲಸ ಸಿಕ್ಕಿತು, ಸಂಬಳ ಮಾತ್ರ ಅರ್ಧ. ಮನೆಯ ಮೇಲೆ ಬ್ಯಾಂಕಿನ ಸಾಲವಿತ್ತು. ನನ್ನ ಹೊಲಿಗೆಯ ದುಡ್ಡು ಸೇರಿಸಿದರೂ ಕಂತು ತುಂಬುವಂತಿರಲಿಲ್ಲ. ಕಟ್ಟದಿದ್ದರೆ ಮನೆ ಹೋಗುತ್ತದೆ ಎಂಬ ಹೆದರಿಕೆ ನನಗೆ. ಬ್ಯಾಂಕಿಗೆ ಹೋಗಿ ಕೇಳುವುದಕ್ಕೆ ನಾಚಿಕೆ ಬೇರೆ.

"ಒಂದೆರಡು ತಿಂಗ್ಳು ಸುಮ್ನಿರೋಣ. ಬ್ಯಾಂಕಿನವ್ರು ಫೋನ್ ಮಾಡಿದ್ರೆ ಹೇಳಿದ್ರಾಯ್ತು" ಅಂದೆ.

"ಅದೆಂತ ಮಾತು? ದುಡ್ಡಿಲ್ಲ ಅಂತ ಹತ್ತೋವಾಗ್ಲೇ ಹೇಳಿದವ್ರನ್ನ ನಾನು ಯಾವತ್ತಾದ್ರೂ ಇಳಿಸಿದೀನಾ? ಹೇಳ್ದೆ ಹಿಂದಿನ ಸೀಟಲ್ಲಿ ಕೂತವ್ರನ್ನ ಇಳಿಸಿದೀನಿ. ನಡಿ, ಸೀರೆ ಉಟ್ಕೋ."

ಕಂತಿನ ದಿನ ಬರುವ ಮೊದಲೇ ಬ್ಯಾಂಕಿಗೆ ಹೋದೆವು. ಸರದಿಯಲ್ಲಿ ನಿಂತಿದ್ದಾಗ ಇವರು ಅಭ್ಯಾಸಬಲದಿಂದ, "ಮುಂದೆ ಹೋಗಿ, ಮುಂದೆ ಜಾಗ ಇದೆ" ಎಂದುಬಿಟ್ಟರು. ನಾಲ್ಕು ಜನ ನಿಜವಾಗಿ ಮುಂದೆ ಸರಿದರು.

ಮ್ಯಾನೇಜರು ಎಲ್ಲ ಕೇಳಿ, ಆರು ತಿಂಗಳು ಬಡ್ಡಿಯಷ್ಟನ್ನೇ ಕಟ್ಟಿದರೆ ಸಾಕು ಎಂದರು. "ಕಂತು ಕಡಿಮೆ ಆಗತ್ತೆ, ಸಾಲ ಕಡಿಮೆ ಆಗಲ್ಲ. ಮುಗಿಯೋದು ತಡ ಆಗತ್ತೆ, ಬಡ್ಡಿ ಒಟ್ಟು ಜಾಸ್ತಿ ಬೀಳತ್ತೆ. ಗೊತ್ತಿರ್ಲಿ."

"ಬಸ್ಸು ಲೇಟು. ಆದ್ರೂ ಊರು ಮುಟ್ಟತ್ತೆ. ಅಷ್ಟೇ ತಾನೇ ಸಾರ್?"

ಅರ್ಜಿಗೆ ಸಹಿ ಹಾಕಿದ ಮೇಲೂ ನಮ್ಮವರಿಗೆ ಸಮಾಧಾನವಾಗಲಿಲ್ಲ. ಜೇಬಿನಿಂದ ಹಳೆಯ ಟಿಕೆಟ್ಟು ತೆಗೆದು ಹಿಂದೆ "ಆರು ತಿಂಗಳು" ಎಂದು ಬರೆದು, ಗೆರೆ ಸುತ್ತಿ ಕೊಟ್ಟರು. ಮ್ಯಾನೇಜರು ನಗುತ್ತ ಅದನ್ನು ಮೇಜಿನ ಗಾಜಿನಡಿ ಇಟ್ಟರು.

ಆ ಆರು ತಿಂಗಳು ನಾವು ಸುಖವಾಗಿಯೇ ಇದ್ದೆವು. ಮೀನು ತರುವುದು ಕಡಿಮೆಯಾಯಿತು. ಸಂಜೆ ಅವರು ನಾನು ಹೊಲಿದ ಜಾಕೀಟುಗಳಿಗೆ ಹುಕ್ಕು ಹಾಕುತ್ತಿದ್ದರು, ಸೊಟ್ಟಗೆ. ನಾನು ಬಿಚ್ಚಿ ಮತ್ತೆ ಹಾಕುತ್ತಿದ್ದೆ. ಆಮೇಲೆ ಬಸ್ಸು ಮತ್ತೆ ರಸ್ತೆಗಿಳಿಯಿತು, ಇವರೂ ಕೆಲಸಕ್ಕೆ ಮರಳಿದರು. ಮೊದಲ ಪೂರ್ತಿ ಕಂತು ಕಟ್ಟಿದ ದಿನ ಬ್ಯಾಂಕಿನಲ್ಲಿ ಗಾಜೆತ್ತಿಸಿ, ಆ ಟಿಕೆಟ್ಟಿನ ಮೇಲೆ ಅಡ್ಡಗೆರೆ ಎಳೆದು ಬಂದರು.

ಕಳೆದ ವರ್ಷ ಎದೆನೋವೆಂದು ಆಸ್ಪತ್ರೆಗೆ ಹೋದವರು ಮನೆಗೆ ಬರಲಿಲ್ಲ. ಹದಿಮೂರನೆಯ ದಿನ ಕಳೆದ ಮೇಲೆ ನಾನೊಬ್ಬಳೇ ಬ್ಯಾಂಕಿಗೆ ಹೋದೆ, ಕಂತಿನ ದಿನ ಬರುವ ಮೊದಲೇ. ಮ್ಯಾನೇಜರು ಬೇರೆಯವರು. ಹೇಳಿದೆ, ಕೇಳಿಸಿಕೊಂಡರು. ಕೆಲವು ತಿಂಗಳು ಕಂತು ಇಳಿಸಿದರು. ಈಗ ಪೂರ್ತಿ ಕಟ್ಟುತ್ತಿದ್ದೇನೆ. ಮನೆ ನನ್ನದೇ ಇದೆ.

ತೀರ್ಥಹಳ್ಳಿ ಬಸ್ಸು ಈಗಲೂ ಮಧ್ಯಾಹ್ನ ಮನೆ ಮುಂದೆ ಹೋಗುತ್ತದೆ. ನಿಲ್ಲುವುದಿಲ್ಲ.